ಹಿಂದಕ್ಕೆ ನಾಲ್ಕು ಗೇರು

ಸಯನ್ ಸ್ಟೇಷನ್ನಿನಲ್ಲಿ ಲೋಕಲ್ ನಿಂತಾಗ ಮುರಿಗೆಪ್ಪ ಕಣ್ಣು ಮುಚ್ಚಿಕೊಂಡ. ನಿದ್ದೆಯೇನೂ ಬಂದಿರಲಿಲ್ಲ. ಸೋಮವಾರ ಇದೇ ಸ್ಟೇಷನ್ ಬಂದಾಗ ಆ ನೂಕುನುಗ್ಗಲಿನಲ್ಲಿ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳಲು ಹೋಗಿ ನಾಲ್ಕು ಜನರಿಂದ ಬೈಸಿಕೊಂಡಿದ್ದ. ಮಂಗಳವಾರ ಮೊಬೈಲು ನೋಡಿದ. ಬುಧವಾರ ಪಕ್ಕದವನ ಮರಾಠಿ ಪೇಪರಿನಲ್ಲಿ ತನ್ನದಲ್ಲದ ರಾಶಿಯ ಭವಿಷ್ಯ ಓದಿದ. ಗುರುವಾರಕ್ಕೆ ಬೇರೆ ಉಪಾಯ ಹೊಳೆಯದೆ ಕಣ್ಣನ್ನೇ ಮುಚ್ಚಿದ. ಕುದುರೆ ಮಾತ್ರ ನಿಂತು ನಿದ್ದೆ ಮಾಡುತ್ತದೆ ಎನ್ನುವವರು ಬೆಳಗಿನ ಲೋಕಲ್ ಹತ್ತಿದವರಲ್ಲ. ಆದ್ದರಿಂದ ಯಾರಿಗೂ ಅನುಮಾನ ಬರುವ ಹಾಗಿರಲಿಲ್ಲ. ಆದರೂ ಇಡೀ ಡಬ್ಬಿ ತನ್ನನ್ನೇ ನೋಡುತ್ತಿದೆ ಎಂದು ಅವನಿಗನ್ನಿಸಿತು. ಇಳಿದು ಐದು ನಿಮಿಷ ನಡೆದರೆ ಜಹಾಂಗೀರನ ಗ್ಯಾರೇಜು. ಹೋಗಿ ಒಂದು ಮಾತು ಹೇಳಿ, ಒಂದು ಚಹಾ ಕುಡಿದು, ಮುಂದಿನ ಗಾಡಿ ಹಿಡಿದರೆ ದಾದರಿನ ಆಫೀಸಿಗೆ ಹತ್ತು ನಿಮಿಷ ತಡ. ಮೂವತ್ತು ವರ್ಷದಲ್ಲಿ ಹತ್ತು ನಿಮಿಷ ತಡವಾಗಿ ಹೋದದ್ದಕ್ಕೆ ಅಲ್ಲಿ ಯಾರನ್ನೂ ಗಲ್ಲಿಗೇರಿಸಿಲ್ಲ. ಗಾಡಿ ಹೊರಟಿತು. ಮುರಿಗೆಪ್ಪ ಕಣ್ಣು ಬಿಟ್ಟ. ಮಾಟುಂಗಾ ಬಂದಾಗ ಎಷ್ಟು ಹಾಯೆನಿಸಿತೆಂದರೆ, ಆ ನೆಮ್ಮದಿಗೇ ಅವನಿಗೆ ನಾಚಿಕೆಯಾಯಿತು.

ದಿನಾ ಹಳಿಯ ಮೇಲೆ ಹೋಗಿ ಹಳಿಯ ಮೇಲೆ ಬರುವ ಮನುಷ್ಯನಿಗೆ ಐವತ್ತೆರಡನೇ ವಯಸ್ಸಿನಲ್ಲಿ ರಸ್ತೆಯೇ ಇಲ್ಲದ ಕಡೆ ಹೋಗುವ ಚಟ ಯಾಕೆ ಹತ್ತಿತೋ ಅವನಿಗೇ ಗೊತ್ತಿಲ್ಲ. ಮೊಬೈಲಿನಲ್ಲಿ ಯಾರೋ ಜೀಪನ್ನು ಕಲ್ಲಿನ ಮೇಲೆ ಹತ್ತಿಸುವುದನ್ನು ನೋಡಿದ್ದ. ಮರುದಿನ ಮತ್ತೆ ನೋಡಿದ. ಆರು ತಿಂಗಳಿಗೆ ಘಾಟ್ಕೋಪರಿನ ಅಪಾರ್ಟ್‌ಮೆಂಟ್ ಸೊಸೈಟಿಯ ಹಿಂದುಗಡೆ, ಅವನ ನೆಲಮಹಡಿಯ ಮನೆಗೂ ಪಂಪ್‌ರೂಮಿಗೂ ನಡುವಿನ ಜಾಗದಲ್ಲಿ, ಇಂಜಿನ್ನೇ ಇಲ್ಲದ ಹಳೇ ಜೀಪೊಂದು ಬಂದು ಕೂತಿತು. ಇಂಜಿನ್ ಬೇರೆ ಬಂತು, ಗುಜರಿಗೆ ಬಿದ್ದ ಯಾವುದೋ ಪಿಕಪ್ ಗಾಡಿಯದು. ಅದು ಬಂದ ವಾರ ಮಳೆ. ಹೊರಗಿಟ್ಟರೆ ನೆನೆಯುತ್ತದೆಂದು ನಾಲ್ಕು ಜನ ಹೊತ್ತು ತಂದು ಹಾಲಿನಲ್ಲಿ ದಿವಾನದ ಪಕ್ಕ ಇಟ್ಟರು. ಮಳೆಗಾಲ ಪೂರ್ತಿ ಅದು ಅಲ್ಲೇ ಇತ್ತು. ಅವನ ಹೆಂಡತಿ ಮಾಧುರಿ ಬೆಳಗಾವಿಯವಳು, ಅಚ್ಚುಕಟ್ಟಿನ ಹೆಂಗಸು. ಮೊದಲ ದಿನ ಕೂಗಾಡಿದಳು, ಎರಡನೇ ದಿನ ಅದರ ಮೇಲೊಂದು ಕಸೂತಿಯ ಬಟ್ಟೆ ಹಾಸಿದಳು, ಮೂರನೇ ದಿನ ಟೀವಿಯ ರಿಮೋಟನ್ನು ಅದರ ಮೇಲಿಡತೊಡಗಿದಳು. ಬಂದ ನೆಂಟರು ಅದಕ್ಕೆ ಒರಗಿ ಚಹಾ ಕುಡಿದು ಹೋದರು. ಮನೆ ತುಂಬ ಡೀಸೆಲ್ ವಾಸನೆ. ಅದು ಹೋಗಲೆಂದು ಕಿಟಕಿ ತೆರೆದಿಟ್ಟರೆ ಗಾಳಿಗೆ ಪಟಪಟ ಬಡಿಯುತ್ತಿತ್ತು. ಮಳೆ ಹೋಗಿ ಇಂಜಿನ್ ಹೊರಗೆ ಹೋದ ಮೇಲೂ ವಾಸನೆ ಹೋಗಲಿಲ್ಲ, ಕಿಟಕಿಯೂ ಸುಮ್ಮನಾಗಲಿಲ್ಲ. ಕಡೆಗೊಂದು ದಿನ ಅವಳೇ ಕೈಗೆ ಸಿಕ್ಕಿದ ಯಾವುದೋ ಕಬ್ಬಿಣದ ತುಂಡನ್ನು ಅದಕ್ಕೆ ಅಡ್ಡ ಸಿಕ್ಕಿಸಿದಳು.

ಆ ಇಂಜಿನ್ನನ್ನು ಆ ಜೀಪಿಗೆ ಕೂರಿಸಿದವನು ಜಹಾಂಗೀರ. ವಿಜಯಪುರದವನು, ಮುರಿಗೆಪ್ಪನ ಊರಿನ ಕಡೆಯವನೇ; ಸಯನ್ನಿನಲ್ಲಿ ತನ್ನ ಹೆಂಡತಿ ಚಾಂದಬಿಯ ತಮ್ಮ ಅಕೀಲನ ಜೊತೆ ಸೇರಿ ಒಂದು ತಗಡಿನ ಶೆಡ್ಡಿನಲ್ಲಿ ಗ್ಯಾರೇಜು ಇಟ್ಟಿದ್ದ. ಒಂದು ಕಂಪನಿಯ ಇಂಜಿನ್ನು, ಇನ್ನೊಂದು ಕಂಪನಿಯ ಗೇರ್‌ಬಾಕ್ಸು. ಎರಡರ ಬೋಲ್ಟಿನ ತೂತುಗಳು ಅತ್ತೆ ಸೊಸೆಯರ ಹಾಗೆ, ಒಂದಕ್ಕೊಂದು ಕೂಡುವುದೇ ಇಲ್ಲ. ಜಹಾಂಗೀರ ರಟ್ಟು ಕತ್ತರಿಸಿ ಅಳತೆ ತೆಗೆದು, ಕುರ್ಲಾದ ಲೇತಿನವನ ಮುಂದೆ ಮೂರು ಭಾನುವಾರ ಕೂತು, ನಡುವೆ ಹಾಕಲು ಒಂದು ದಪ್ಪ ತಗಡು ಮಾಡಿಸಿ ತಂದ. ಕೂಡಿಸಿದಾಗ ಕೂದಲೆಳೆಯಷ್ಟೂ ಸಂದಿ ಉಳಿಯಲಿಲ್ಲ. ಅದನ್ನು ನೋಡಿದವರು ಮುರಿಗೆಪ್ಪ ಮತ್ತು ಸೊಸೈಟಿಯ ಸೆಕ್ರೆಟರಿ ದೇಢಿಯಾ ಇಬ್ಬರೇ. ದೇಢಿಯಾ ದಿನಾ ಸಂಜೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿದ್ದ. ಒಂದು ಕಡೆ ಜೀಪನ್ನು ತೆಗೆಯಬೇಕೆಂದು ನೋಟಿಸು ಬರೆದು ಬೋರ್ಡಿಗೆ ಹಚ್ಚಿದವನೂ ಅವನೇ, ಇನ್ನೊಂದು ಕಡೆ ಈ ಮೆಕ್ಯಾನಿಕ್ಕು ಕಲಾವಿದ ಎಂದು ಹೊಗಳಿದವನೂ ಅವನೇ. ಅವನ ತಮ್ಮನ ಆರು ಟೆಂಪೋ ಓಡುತ್ತಿದ್ದವು. ಈ ಜೀಪು ಒಮ್ಮೆ ಗೇಟು ದಾಟಲಿ, ಆರೂ ಟೆಂಪೋಗಳ ಕೆಲಸ ನಿನಗೇ ಎಂದು ಜಹಾಂಗೀರನಿಗೆ ಮಾತು ಕೊಟ್ಟಿದ್ದ. ಜಹಾಂಗೀರನಿಗೆ ಅದು ಬೇಕಾಗಿತ್ತು. ಈಗಿನ ಗಾಡಿಗಳೆಲ್ಲ ಕಂಪನಿಯ ಸರ್ವಿಸಿಗೇ ಹೋಗುತ್ತವೆ. ಆ ಆರು ಟೆಂಪೋ ಬಂದರೆ ಶೆಡ್ಡು ಉಳಿಯುತ್ತದೆ, ಇಲ್ಲದಿದ್ದರೆ ದೀಪಾವಳಿಯೊಳಗೆ ಬಾಗಿಲು ಹಾಕಬೇಕು ಎಂದು ಅವನೇ ಒಮ್ಮೆ ಜೀಪಿನ ಕೆಳಗಿನಿಂದ ಹೇಳಿದ್ದ. ಮುಖ ಕಾಣುತ್ತಿರಲಿಲ್ಲ, ಕಾಲಷ್ಟೇ ಕಾಣುತ್ತಿದ್ದವು.

ಆಫೀಸಿನಲ್ಲಿ ಒಂದು ಗಂಟೆಗೆ ಡಬ್ಬಿ ಬಿಚ್ಚಿದರೆ ಚಿತ್ರಾನ್ನ. ನಾಲ್ಕನೇ ನಿಂಬೆಹಣ್ಣು. ಪೂಜೆಯ ದಿನ ಮಾಧುರಿ ಜೀಪಿನ ನಾಲ್ಕು ಗಾಲಿಯ ಮುಂದೆ ಒಂದೊಂದರಂತೆ ಇಟ್ಟಿದ್ದ ನಾಲ್ಕು ನಿಂಬೆಹಣ್ಣು. ಒಡೆದಿದ್ದರೆ ಎತ್ತಿ ಎಸೆಯುತ್ತಿದ್ದಳು. ಒಡೆಯಲಿಲ್ಲ. "ದೃಷ್ಟಿ ತಗೊಳ್ಳಲಿಲ್ಲ ಅಂದ್ಮ್ಯಾಲ ನಿಂಬಿಹಣ್ಣು ನಿಂಬಿಹಣ್ಣss, ಹಾಳ ಮಾಡೂದ್ಯಾಕ?" ಎಂದು ತೊಳೆದು ಫ್ರಿಜ್ಜಿನಲ್ಲಿಟ್ಟಳು. ಸೋಮವಾರ ಶರಬತ್ತು. ಮಂಗಳವಾರ ಅವಲಕ್ಕಿಯ ಮೇಲೆ. ಬುಧವಾರ ಸಾರಿನಲ್ಲಿ. ಪ್ರತಿ ಸಲವೂ ಬಡಿಸಿ, ಎದುರಿಗೆ ನಿಂತು, "ಹುಳಿ ಸಾಕಾ?" ಎಂದು ಕೇಳುತ್ತಿದ್ದಳು. ಅಷ್ಟೇ. ಬೇರೇನೂ ಕೇಳುತ್ತಿರಲಿಲ್ಲ. ಬೈದುಬಿಡಬಾರದೇ ಈಕೆ ಎಂದು ಮುರಿಗೆಪ್ಪ ತುತ್ತು ನುಂಗಿದ.

ಪೂಜೆಯಾಗುವ ತನಕ ಗಾಲಿ ಉರುಳಬಾರದು ಎಂದು ನಿಯಮ ಹಾಕಿದವಳೂ ಅವಳೇ. ಅವಳ ತವರಿನಲ್ಲಿ ಹೊಸ ಎತ್ತಿನ ಗಾಡಿಗೂ ಹಾಗೆಯೇ, ಟ್ರ್ಯಾಕ್ಟರಿಗೂ ಹಾಗೆಯೇ. ಇಂಜಿನ್ ಎಷ್ಟು ಬೇಕಾದರೂ ಕೂಗಲಿ, ಗಾಲಿ ಮಾತ್ರ ತಿರುಗಕೂಡದು. ಹಾಗಾಗಿ ಜೀಪು ಓಡುತ್ತದೋ ಇಲ್ಲವೋ ಎಂಬುದು ಸೊಸೈಟಿಯ ಇಪ್ಪತ್ತು ಮೊಬೈಲು ಎತ್ತಿ ಹಿಡಿದ ಆ ಭಾನುವಾರವೇ ಗೊತ್ತಾಗಬೇಕಿತ್ತು. ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆದದ್ದಾಯಿತು. ಜಹಾಂಗೀರ ಬಿಸ್ಮಿಲ್ಲಾ ಎಂದು ಬಾನೆಟ್ಟಿನ ಮೇಲೆ ಕೈಯಿಟ್ಟು, "ಮೊದಲ ನೀವss ಹೊಡೀರಿ ಅಣ್ಣಾರ" ಎಂದ. ಮುರಿಗೆಪ್ಪ ಹೊಸ ಅಂಗಿ ತೊಟ್ಟು ಏರಿ ಕೂತ. ಮೊದಲನೇ ಗೇರು ಹಾಕಿದ. ಕ್ಲಚ್ಚು ಬಿಟ್ಟ. ಜೀಪು ಹಿಂದಕ್ಕೆ ಹಾರಿತು. ಫೋಟೋ ತೆಗೆಯಲು ಆಗಷ್ಟೇ ಎದ್ದಿದ್ದ ದೇಢಿಯಾನ ಕುರ್ಚಿ ಚಪ್ಪಟೆಯಾಯಿತು, ಅದರ ಹಿಂದಿದ್ದ ನೋಟಿಸ್ ಬೋರ್ಡು ಜೀಪನ್ನು ತೆಗೆಯಬೇಕೆಂಬ ನೋಟಿಸಿನ ಸಮೇತ ಮುರಿದುಬಿತ್ತು. ಗಾಬರಿಯಲ್ಲಿ ಎರಡನೇ ಗೇರು ಹಾಕಿದರೆ ಇನ್ನೂ ಜೋರಾಗಿ ಹಿಂದಕ್ಕೆ. ಪಂಪ್‌ರೂಮಿನ ಗೋಡೆ ತಡೆಯದಿದ್ದರೆ ಮೂರು ನಾಲ್ಕನ್ನೂ ನೋಡಿಬಿಡುತ್ತಿದ್ದನೇನೋ. ರಿವರ್ಸ್ ಹಾಕಿದಾಗ ಮಾತ್ರ ಅದು ಒಳ್ಳೆಯ ಹಸುವಿನ ಹಾಗೆ ಎರಡು ಹೆಜ್ಜೆ ಮುಂದೆ ಬಂದು ಆಫ್ ಆಯಿತು. ಮುಂದಕ್ಕೆ ಒಂದು ಗೇರು, ಹಿಂದಕ್ಕೆ ನಾಲ್ಕು. ಜನ ಬಿದ್ದು ಬಿದ್ದು ನಕ್ಕರು.

ಜಹಾಂಗೀರ ಮಾತ್ರ ನಗಲಿಲ್ಲ. ಬ್ಯಾಟರಿ ಹಿಡಿದು ಹಿಂದಿನ ಗಾಲಿಗಳ ನಡುವೆ ತೂರಿಕೊಂಡ. ಹತ್ತು ಸೆಕೆಂಡು ಸಾಕಾಯಿತು. ಹಿಂದಿನ ಗಾಲಿಗಳನ್ನು ತಿರುಗಿಸುವ ಆಕ್ಸಲ್ಲನ್ನು ತಲೆಕೆಳಗೆ ಕೂರಿಸಲಾಗಿತ್ತು. ಎಣ್ಣೆ ಇಳಿಸುವ ಬೋಲ್ಟು ನೆಲ ನೋಡುವ ಬದಲು ಆಕಾಶ ನೋಡುತ್ತಿತ್ತು. ಅದನ್ನು ಕೂರಿಸಿದವನು ಮುರಿಗೆಪ್ಪ. ಎರಡು ತಿಂಗಳ ಹಿಂದೆ ಜಹಾಂಗೀರ ಮದುವೆಗೆಂದು ಊರಿಗೆ ಹೋದವನು, "ನಾ ಬರೂತನಾ ಹಿಂದಿನ ಆಕ್ಸಲ್ ಮುಟ್ಟಬ್ಯಾಡ್ರಿ" ಎಂದು ಹೇಳಿ ಪಾನಾಗಳ, ಅಂದರೆ ಬೋಲ್ಟು ಬಿಚ್ಚುವ ಸ್ಪ್ಯಾನರುಗಳ, ಚೀಲ ಇಲ್ಲೇ ಬಿಟ್ಟು ಹೋಗಿದ್ದ. ಮುಟ್ಟಬೇಡ ಎಂದದ್ದನ್ನು ಮುಟ್ಟದೆ ಬಿಡಲು ಮುರಿಗೆಪ್ಪನೇನು ಸನ್ಯಾಸಿಯೇ? ಉಲ್ಟಾ ಕೂರಿಸಿದರೆ ಗಾಡಿಯ ಹೊಟ್ಟೆ ನಾಲ್ಕು ಬೆರಳು ಮೇಲೇಳುತ್ತದೆ, ಕಲ್ಲಿಗೆ ತಾಗುವುದಿಲ್ಲ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದ. ಉಲ್ಟಾ ಕೂರಿಸಿದರೆ ಗಾಲಿಯೂ ಉಲ್ಟಾ ತಿರುಗುತ್ತದೆಂದು ಆತ ಮುಂದೆ ಎಲ್ಲೋ ಹೇಳಿದ್ದನಂತೆ. ಮುರಿಗೆಪ್ಪ ಅಲ್ಲಿಯವರೆಗೆ ನೋಡಿರಲಿಲ್ಲ. ಜಹಾಂಗೀರ ಊರಿಂದ ಬಂದು, "ಹಿಂದ ಎಲ್ಲಾ ಸರಿ ಐತೇನ್ರಿ ಅಣ್ಣಾರ?" ಎಂದು ಕೇಳಿದ. "ನೀ ಹೇಳಿದಂಗ ಐತಿ. ನೋಡೂದ ಬ್ಯಾಡ" ಎಂದಿದ್ದ ಮುರಿಗೆಪ್ಪ. ಜಹಾಂಗೀರ ನೋಡಲಿಲ್ಲ. ಹಿರಿಯರು ನೋಡಬೇಡ ಎಂದ ಮೇಲೂ ಕೆಳಗೆ ಬ್ಯಾಟರಿ ಹಿಡಿಯುವುದೆಂದರೆ ಅವನ ಮಟ್ಟಿಗೆ ಅವರ ಮುಖಕ್ಕೇ ಬ್ಯಾಟರಿ ಹಿಡಿದ ಹಾಗೆ. ಪಾನಾಗಳ ಚೀಲ ತೆಗೆದುಕೊಂಡು ಹೋದ. ಆಮೇಲೆ ಎರಡು ಮೂರು ಸಲ, ಹತ್ತೊಂಬತ್ತು ನಂಬರಿನ ಪಾನಾ ಒಂದು ಕಾಣುತ್ತಿಲ್ಲ ಎಂದು ಕೇಳಿದ. ನನ್ನ ಕಡೆ ಯಾಕಿರುತ್ತದೆ ಎಂದಿದ್ದ ಮುರಿಗೆಪ್ಪ, ಪೂರ್ತಿ ಹುಡುಕದೆ.

ಇದೆಲ್ಲ ಆಗಬಾರದಿತ್ತು, ಆದರೆ ಆಗುವಂಥದ್ದೇ. ಮುರಿಗೆಪ್ಪನಿಗೆ ಊಟ ಸೇರದಂತೆ ಮಾಡಿದ್ದು ಇದಲ್ಲ. ಜಹಾಂಗೀರ ಜೀಪಿನ ಕೆಳಗಿನಿಂದ ಹೊರಬಂದು ಕೈ ಒರೆಸಿಕೊಳ್ಳುತ್ತ ಅವನನ್ನು ಒಂದೇ ಒಂದು ಸಲ ನೋಡಿದ. ಆಗ ಬಾಯಿ ಬಿಡಬಹುದಿತ್ತು. ಬಾಯೇನೋ ಬಿಟ್ಟ. ಇಪ್ಪತ್ತು ಮೊಬೈಲುಗಳ ಎದುರು ಹುಬ್ಬೇರಿಸಿ, ಸೊಂಟದ ಮೇಲೆ ಕೈಯಿಟ್ಟು, ಕನ್ನಡ ಬಾರದವರಿಗೂ ತಿಳಿಯುವಂತೆ, ಆಫೀಸಿನಲ್ಲಿ ಜವಾನನನ್ನು ಕೇಳುವ ದನಿಯಲ್ಲಿ ಕೇಳಿದ: "ಏನಪಾ ಜಹಾಂಗೀರಾ, ಏನ್ ಮಾಡಿಟ್ಟಿ ಇದು?" ಮೊದಲೇ ಯೋಚಿಸಿ ಹೇಳಿದ್ದಲ್ಲ. ತಾನಾಗಿ ಬಂತು. ತಾನಾಗಿ ಬಂದದ್ದೇ ಹೆಚ್ಚು ಹೇಸಿಗೆ. ಜಹಾಂಗೀರ ಕೈ ಒರೆಸಿಕೊಂಡ ಬಟ್ಟೆಯನ್ನು ನಾಲ್ಕು ಮಡಿಕೆ ಮಡಚಿ ಜೇಬಿಗಿಟ್ಟುಕೊಂಡ. "ತಪ್ಪಾತ್ರಿ ಅಣ್ಣಾರ. ನಾ ನೋಡಬೇಕಿತ್ತು" ಎಂದ. ದೇಢಿಯಾ ತನ್ನ ಸತ್ತ ಕುರ್ಚಿಯನ್ನು ನೋಡಿ, ತಮ್ಮನ ಟೆಂಪೋಗಳು ಹೀಗೆ ಹಿಂದಕ್ಕೆ ಓಡಿದರೆ ತರಕಾರಿ ವಾಶಿಯ ಮಾರ್ಕೆಟ್ಟಿಗೆ ಹೋಗುವ ಬದಲು ನಾಸಿಕ್ಕಿಗೆ ವಾಪಸು ಹೋಗುತ್ತದೆ ಎಂದ. ಮತ್ತೆ ಎಲ್ಲರೂ ನಕ್ಕರು. ಮುರಿಗೆಪ್ಪನೂ ನಕ್ಕ.

ಸಂಜೆ ಘಾಟ್ಕೋಪರಿನಲ್ಲಿ ಇಳಿದು ಮನೆಗೆ ಬಂದರೆ ಗೇಟಿನಲ್ಲೇ ದೇಢಿಯಾ, ಹೊಸ ಕುರ್ಚಿಯ ಮೇಲೆ. ಟೆಂಪೋಗಳ ಕೆಲಸವನ್ನು ಬೇರೆ ಮೆಕ್ಯಾನಿಕ್ಕಿಗೆ ಕೊಡುವ ಮಾತು ನಡೆದಿದೆ, ನಾಳೆ ಪಕ್ಕಾ ಆಗುತ್ತದೆ ಎಂದ. ಮುರಿಗೆಪ್ಪ ಡಬ್ಬಿಯ ಚೀಲ ಕೆಳಗಿಟ್ಟ. ತಪ್ಪು ಜಹಾಂಗೀರನದಲ್ಲ, ಆಕ್ಸಲ್ ಕೂರಿಸಿದವನು ನಾನು ಎಂದು ಹೇಳಿಯೇಬಿಟ್ಟ. ನಾಲ್ಕು ದಿನ ಹೊತ್ತ ಭಾರ ಇಳಿಯಿತೆಂದು ಉಸಿರು ಬಿಡುವಷ್ಟರಲ್ಲಿ ದೇಢಿಯಾ ಎದ್ದು ನಿಂತು ಅವನ ಎರಡೂ ಕೈ ಹಿಡಿದುಕೊಂಡ. "ಅರೇ ಮುರಿಗೆಪ್ಪಾಜೀ! ಆಪ್ ಕಾ ದಿಲ್ ಬಹುತ್ ಬಡಾ ಹೈ!" ಎಂಥ ದೊಡ್ಡ ಮನಸ್ಸು, ಬಡವನ ಹೊಟ್ಟೆಯ ಮೇಲೆ ಹೊಡೆಯಬಾರದೆಂದು ತಪ್ಪನ್ನು ಮೈಮೇಲೆ ಎಳೆದುಕೊಳ್ಳುವವರು ಈ ಕಾಲದಲ್ಲಿ ಎಲ್ಲಿದ್ದಾರೆ ಎಂದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರು. ಅಲ್ಲ ಸೇಠ್, ನಿಜ, ನಾನೇ, ಎಂದಷ್ಟೂ ದೇಢಿಯಾನ ಗೌರವ ಏರುತ್ತ ಹೋಯಿತು. ಆಫೀಸಿನಲ್ಲಿ ಠಸ್ಸೆ ಒತ್ತುವ ನೀವು ಆಕ್ಸಲ್ ಹೇಗೆ ಎತ್ತುತ್ತೀರಿ ಎಂದು ಬೆನ್ನು ತಟ್ಟಿದ. ಮೂರನೇ ಮಹಡಿಯವರು ಅದೇ ಹೊತ್ತಿಗೆ ಒಳಗೆ ಬಂದರು, ಅವರಿಗೂ ಹೇಳಿದ. ಅವರೂ ಮುರಿಗೆಪ್ಪನನ್ನು ಹೊಸ ದೇವರನ್ನು ನೋಡುವ ಹಾಗೆ ನೋಡಿದರು. ಸತ್ಯ ಹೇಳಿ ಮರ್ಯಾದೆ ಕಳೆದುಕೊಳ್ಳಲು ಬಂದವನಿಗೆ ಅದು ಎರಡು ಪಟ್ಟಾಗಿ ವಾಪಸು ಬಂತು.

ಒಳಗೆ ಬಂದು ದಿವಾನದ ಮೇಲೆ ಕೂತ. ಮಾಧುರಿ ನೀರು ತಂದಿಟ್ಟಳು. ಅವಳು ಎಲ್ಲ ಕೇಳಿಸಿಕೊಂಡಿದ್ದಳು. ನೆಲಮಹಡಿಯ ಮನೆಗೆ ಗೇಟೇನು ದೂರ.

"ನಿಂಬಿಹಣ್ಣು ಮುಗದಾವು," ಎಂದಳು.

"ಹೇಳೇನಿ. ನಂಬಲಿಲ್ಲ ಅವರು. ನಾ ಏನ್ ಮಾಡ್ಲಿ?"

"ವಿಡಿಯೋ ಐತೆಲ್ಲಾ?"

ಮುರಿಗೆಪ್ಪ ನೀರಿನ ಲೋಟ ಕೆಳಗಿಟ್ಟ. ಆಕ್ಸಲ್ ಕೂರಿಸಿದ ದಿನ ಮೊಬೈಲು ಹಿಡಿದು ನಿಂತವಳು ಅವಳೇ. ಜೀಪು ಓಡಿದ ಮೇಲೆ ಗೆಳೆಯರಿಗೆ ತೋರಿಸಬೇಕೆಂದು ಅವನೇ ಹಿಡಿಸಿದ್ದ. ಆರು ನಿಮಿಷದ್ದು. ಅದರಲ್ಲಿ ಅವನು ಚಡ್ಡಿ ಬನಿಯನ್ನಿನಲ್ಲಿ, ಹೊಟ್ಟೆ ಬಿಟ್ಟುಕೊಂಡು, ಬಿಚ್ಚಿದ ಆಕ್ಸಲ್ಲನ್ನು ಜಾಕಿನ ಮೇಲೆ ತಿರುವಿ ಹಾಕುತ್ತಿದ್ದಾನೆ; ಏದುಸಿರು ಬಿಡುತ್ತಿದ್ದಾನೆ; ಒಂದು ಸಲ ಅದು ಜಾರಿ ಕಾಲಿನ ಮೇಲೆ ಬಿದ್ದು ಅವ್ವನನ್ನು ನೆನೆಯುತ್ತಾನೆ. ಅಲ್ಲಿಯವರೆಗೆ ಬರೀ ನಗೆಪಾಟಲು. ನಾಲ್ಕನೇ ನಿಮಿಷದಲ್ಲಿ ಮಾಧುರಿಯ ದನಿ ಕೇಳುತ್ತದೆ: "ಜಹಾಂಗೀರ ಬಂದ್ಮ್ಯಾಲ ಮಾಡ್ರೆಲ್ಲಾ." ಆಮೇಲೆ ಅವನ ದನಿ, ಪಾನಾ ತಿರುಗಿಸುತ್ತ, ನಗುತ್ತ: "ಅವಗೇನ್ ತಿಳೀತೈತಿ? ಅಂವ ಬರೇ ಬೋಲ್ಟ್ ತಿರುವಾಂವ. ತಲಿ ನಂದು, ಕೈ ಅಷ್ಟ ಅವಂದು." ಮೊಬೈಲಿನಲ್ಲಿ ಆ ತುಣುಕನ್ನು ಮೂರು ಸಲ ನೋಡಿದ. ಐದಾರು ಸೆಕೆಂಡಿನ ಮಾತು. ಕತ್ತರಿಸಿ ತೆಗೆಯಬಹುದು, ಬೆರಳಿಟ್ಟು ಎಳೆದರೆ ಸಾಕು, ಅಷ್ಟು ಅವನಿಗೂ ಬರುತ್ತದೆ. ಹಾಗೆ ನೋಡಿದರೆ ಕತ್ತರಿಸುವ ಅಗತ್ಯವೂ ಇಲ್ಲ. ಸೊಸೈಟಿಯಲ್ಲಿ ಕನ್ನಡ ತಿಳಿಯುವವರು ಯಾರೂ ಇಲ್ಲ. ತಿಳಿಯುವವನು ಇರುವುದು ಸಯನ್ನಿನಲ್ಲಿ.

"ಇದನ್ನ ನೋಡಿದ್ರ ಅಂವ ನನ್ನ ಮಾರಿ ನೋಡ್ತಾನೇನ?"

"ಈಗ ನಿಮ್ಮ ಮಾರಿ ನೀವss ನೋಡಕೋವಲ್ರಿ," ಎಂದಳು ಮಾಧುರಿ. "ನಾಕ್ ದಿನಾ ಆತು, ಗಡ್ಡಾ ಬ್ಯಾರೆ ಮಾಡಿಲ್ಲ."

ಮುರಿಗೆಪ್ಪ ಮೊದಲು ಜಹಾಂಗೀರನಿಗೆ ಕಳಿಸಿದ. ಏನೂ ಕತ್ತರಿಸಲಿಲ್ಲ. ಆಮೇಲೆ ಸೊಸೈಟಿಯ ಗ್ರೂಪಿಗೆ ಹಾಕಿ, ಕೆಳಗೆ ತನಗೆ ಬಂದ ಹಿಂದಿಯಲ್ಲಿ ಬರೆದ: ಆಕ್ಸಲ್ ಉಲ್ಟಾ ಮಾಡಿದ್ದು ನಾನು, ಜಹಾಂಗೀರ ಬೇಡವೆಂದಿದ್ದ, ಎಲ್ಲರ ಎದುರು ಅವನ ಮೇಲೆ ಹಾಕಿದ್ದೂ ನಾನೇ. ಮೊದಲು ಐದನೇ ಮಹಡಿಯವರಿಂದ ಹೆಬ್ಬೆರಳು ಬಂತು. ಅವರು ಸಾವಿನ ಸುದ್ದಿಗೂ ಅದನ್ನೇ ಹಾಕುತ್ತಾರೆ. ಆಮೇಲೆ ಕಣ್ಣೀರು ಸುರಿಸಿ ನಗುವ ಮುಖಗಳು, ಒಂದರ ಹಿಂದೊಂದು, ಇಪ್ಪತ್ತು ಮೂವತ್ತು. ಯಾರೋ ಅವನ ಹೊಟ್ಟೆಯ ಭಾಗವನ್ನಷ್ಟೇ ನಿಲ್ಲಿಸಿ ಫೋಟೋ ಮಾಡಿ ಹಾಕಿದರು. ಸಂಜೆ ಕಣ್ಣೀರು ಹಾಕಿದ್ದಕ್ಕೆ ದೇಢಿಯಾನಿಗೆ ಸಿಟ್ಟು ಬಂದಿರಬೇಕು. ಕಡೆಗೆ ಅವನ ಒಂದೇ ಸಾಲು: ಕುರ್ಚಿ ಕಾ ಪೈಸಾ ಆಪ್ ದೇಂಗೆ, ಮೆಕ್ಯಾನಿಕ್ ಕೋ ಮೈ ಫೋನ್ ಕರೂಂಗಾ. ಕುರ್ಚಿಯ ದುಡ್ಡು ಮುರಿಗೆಪ್ಪನ ತಲೆಗೆ, ಜಹಾಂಗೀರನಿಗೆ ದೇಢಿಯಾನದೇ ಫೋನು. ಮುರಿಗೆಪ್ಪನ ಕಿವಿ ಕಾದ ಹಂಚಿನಂತಾಗಿದ್ದವು. ಆದರೂ ನಾಲ್ಕು ದಿನದಲ್ಲಿ ಮೊದಲ ಸಲ ಅವನಿಗೆ ಹಸಿವಾಯಿತು.

ಜಹಾಂಗೀರ ನೋಡಿದ್ದಾನೆಂದು ಎರಡು ನೀಲಿ ಗೆರೆ ತೋರಿಸುತ್ತಿದ್ದವು. ಮಾಧುರಿ ರೊಟ್ಟಿ ಬಡಿದು ಮುಗಿಸಿದಳು. ಕಡೆಗೆ ಮೊಬೈಲಿಗೆ ಅವನ ಧ್ವನಿಯ ಮೆಸೇಜೊಂದು ಬಂತು. ಹಿಂದೆ ಯಾರೋ ತಗಡು ಕುಟ್ಟುವ ಸದ್ದು. "ಅಣ್ಣಾರ, ನೋಡಿದ್ನಿ. ಎರಡ ಸಲ ನೋಡಿದ್ನಿ." ಸದ್ದಿನಿಂದ ಆಚೆ ನಡೆದು ಬಂದು ಮುಂದುವರಿಸಿದ್ದ. "ನಾಕನೇ ನಿಮಿಷಕ್ಕ ನಿಮ್ಮ ಕೈಯಾಗ ಇರೂದು ನಮ್ಮ ಅಬ್ಬಾನ ಹತ್ತೊಂಬತ್ತರ ಪಾನಾ ಐತಿ. ಹಿಡಕಿ ಮ್ಯಾಲ ಅವರ ಹೆಸರ ಐತಿ. ಅಕೀಲss ಮಾರಕೊಂಡಾನ ಅಂತ ನಾ ತಿಳಕೊಂಡಿದ್ನಿ. ಎರಡ ತಿಂಗಳಾತು, ಅವನ ಕೂಡ ಮಾತ ಬಿಟ್ಟೇನಿ. ಚಾಂದಬಿ ತಮ್ಮನ ಮನೀಗೆ ಈದಿಗೂ ಹೋಗಲಿಲ್ಲ." ಅಷ್ಟೇ. ಮುಗಿಯಿತು. ತಲೆ ನನ್ನದು, ಕೈ ಅವನದು ಎಂದಿದ್ದರ ಮಾತೇ ಇರಲಿಲ್ಲ.

ಮುರಿಗೆಪ್ಪ ದಿವಾನದ ಕೆಳಗೆ ನೋಡಿದ, ಕಪಾಟಿನ ಮೇಲೆ ನೋಡಿದ, ಪಂಪ್‌ರೂಮಿಗೆ ಹೋಗಿ ಬಂದ. ಮಾಧುರಿ ಧ್ವನಿಯನ್ನು ಇನ್ನೊಮ್ಮೆ ಹಾಕಿಸಿ ಕೇಳಿದಳು. ಅವಳ ಮುಖ ಇಳಿಯಿತು. ಎದ್ದು ಹೋಗಿ ಹಾಲಿನ ಕಿಟಕಿಗೆ ಅಡ್ಡ ಸಿಕ್ಕಿಸಿದ್ದ ಕಬ್ಬಿಣವನ್ನು ಎಳೆದು ತಂದು ಅವನ ಕೈಗಿತ್ತಳು. ಎರಡು ತಿಂಗಳ ಧೂಳು. ಒರೆಸಿದರೆ ಹಿಡಿಯ ಮೇಲೆ ಉಳಿಯಲ್ಲಿ ಕೊರೆದ ಉರ್ದು ಅಕ್ಷರಗಳು. "ಪಾನಾ ಅಂತ ಗೊತ್ತಿತ್ರೀ, ಯಾರದಂತ ನಾ ಕೇಳಲಿಲ್ಲ," ಎಂದಳು. ಕಿಟಕಿ ಬಡಿಯತೊಡಗಿತು.

ಶುಕ್ರವಾರ ಬೆಳಿಗ್ಗೆ ಡಬ್ಬಿಯ ಚೀಲದಲ್ಲಿ ಪಾನಾ ಇಟ್ಟುಕೊಂಡು ಲೋಕಲ್ ಹತ್ತಿದ. ಕುರ್ಲಾ ದಾಟುತ್ತಲೇ ಬಾಗಿಲಿನ ಕಡೆ ನುಗ್ಗತೊಡಗಿದ. ಚೀಲ ಯಾರದೋ ಮೊಣಕಾಲಿಗೆ ಬಡಿದು ಅವರು ಅವನ ಮೂರು ತಲೆಮಾರನ್ನು ನೆನೆದರು; ನ್ಯಾಯವೇ ಅನ್ನಿಸಿತು. ಸಯನ್ನಿನಲ್ಲಿ ಇಳಿದ. ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ಜಹಾಂಗೀರ ಇರಲಿಲ್ಲ. ಅಕೀಲ ಒಬ್ಬನೇ ಸ್ಟೋವಿನ ಮೇಲೆ ಚಹಾ ಇಟ್ಟುಕೊಂಡು ಕೂತಿದ್ದ. ಮುರಿಗೆಪ್ಪ ಅವನ ಜೊತೆ ಇದುವರೆಗೆ ನಾಲ್ಕು ಮಾತು ಆಡಿದ್ದರೆ ಹೆಚ್ಚು. ಚೀಲದಿಂದ ಪಾನಾ ತೆಗೆದು ಎದುರಿಗೆ ಹಿಡಿದ. ಅಕೀಲ ಅದನ್ನು ನೋಡಿದ. ಮುಟ್ಟಲಿಲ್ಲ.

"ಎಲ್ಲಿತ್ರಿ ಇದು?"

"ನನ್ನ ಮನ್ಯಾಗ. ನಾನss ಬಳಸಿ ಅಲ್ಲೇ ಬಿಟ್ಟಿದ್ದೆ. ಅಂವ ಕೇಳಿದಾಗ ಹುಡುಕಲಿಲ್ಲ."

ಅಕೀಲ ಸ್ಟೋವು ಸಣ್ಣ ಮಾಡಿದ. ಬೈಯುತ್ತಾನೆಂದುಕೊಂಡ ಮುರಿಗೆಪ್ಪ, ಹೊಡೆದರೂ ಹೊಡೆಯಲಿ ಎಂದುಕೊಂಡ. ಅಕೀಲ ಮೂಲೆಯಿಂದ ಒಂದು ಸ್ಟೂಲು ಎಳೆದು ಅವನ ಮುಂದೆ ಇಟ್ಟ.

"ನನಗ ಕೊಡಬ್ಯಾಡ್ರಿ," ಎಂದ. "ಜಹಾಂಗೀರ ಭಾಯಿ ಬರೂತನಾ ಹಿಡ್ಕೊಂಡ ಕುಂದರ್ರಿ. ನಾ ತಗೊಂಡಿಲ್ಲ ಅನ್ನೂದನ್ನ ನಾ ಬಾಳ ಸಲ ಹೇಳೇನಿ. ಈಗ ನನ್ನ ಮುಂದss ನೀವ ಹೇಳ್ರಿ ಅವಗ."

ಹತ್ತು ನಿಮಿಷವಲ್ಲ, ಒಂದು ಗಂಟೆಯೇ ತಡವಾಗಬಹುದು. ದಾದರಿನ ಕಡೆ ಒಂದು ಲೋಕಲ್ ಹೋಯಿತು, ಅದರ ಹಿಂದೆ ಇನ್ನೊಂದು. ಮುರಿಗೆಪ್ಪ ಪಾನಾವನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲಿಗೆ ಮುಖ ಮಾಡಿ ಕೂತ.